ಬಯಲಿನ ಬಿಡಾರ

ಮಾಘ ಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ದಾರಿಗಳಲ್ಲಿ ಇಂದಿಗೂ ಎತ್ತಿನ ಬಂಡಿಗಳು ಕಾಣಸಿಗುತ್ತವೆ. ಕೆಲವು ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಗೆ, ಇನ್ನು ಕೆಲವು ತುಂಗಭದ್ರೆಯ ದಂಡೆಗೆ ಸಮೀಪದ ಮೈಲಾರದ ಕಡೆಗೆ ಸಾಗುತ್ತವೆ. ಬಂಡಿಯೊಳಗೆ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು. ಅವರ ನಡುವೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕೊಡ, ಎರಡು ಕಂಬಳಿ, ನಾಲ್ಕು ಕೌದಿ, ಒಂದು ಹಗ್ಗ, ಒಂದು ಲಾಟೀನು. ಜಾತ್ರೆಯ ಬಯಲನ್ನು ಸೇರಿದ ಮೇಲೆ ಎತ್ತುಗಳನ್ನು ಬಿಚ್ಚಿ, ಮೂಕಿಗೆ ಆಸರೆ ಕೊಟ್ಟು, ಬಂಡಿಯ ಪಕ್ಕದಲ್ಲಿ ಮೂರು ಕಲ್ಲುಗಳನ್ನು ಹೂಡಿದರೆ ಸಂಸಾರವು ನೆಲೆಗೊಂಡಂತೆಯೇ. ಅದಕ್ಕಾಗಿ ಯಾರೂ ಅಂಗಡಿಯಿಂದ ವಿಶೇಷ ಸಾಮಾನುಗಳನ್ನು ಕೊಂಡು ತರುವುದಿಲ್ಲ. ಮನೆಯಲ್ಲಿ ಇರುವುದೇ ಬಯಲಿಗೂ ಬರುತ್ತದೆ.

ಸಂಸಾರಸಮೇತರಾಗಿ ಬಯಲಿನಲ್ಲಿ ಕಾಲ ಕಳೆಯುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಎಳ್ಳಮಾವಾಸ್ಯೆಯಂದು ಕಲಬುರಗಿ, ವಿಜಯಪುರ, ಬೀದರ್ ಕಡೆಯ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಸಂಕ್ರಾಂತಿಯ ದಿನ ಹೊಳೆಯ ದಂಡೆಯಲ್ಲಿ ಬುತ್ತಿಯನ್ನು ಬಿಚ್ಚುವ ಪದ್ಧತಿಯೂ ಉಂಟು. ಕುರಿಗಾಹಿಗಳಂತೂ ವರ್ಷದ ಹಲವು ತಿಂಗಳುಗಳನ್ನು ಹೆಂಡಿರು ಮಕ್ಕಳೊಡನೆ ಬಯಲಿನಲ್ಲಿಯೇ ಕಳೆಯುತ್ತಾರೆ. ಹೀಗಿದ್ದರೂ ಇಂದು ಪಟ್ಟಣಗಳಲ್ಲಿ ವಾಸಿಸುವ ಅನೇಕ ಕುಟುಂಬಗಳು, ಬಯಲಿನಲ್ಲಿ ಒಂದು ರಾತ್ರಿ ತಂಗುವುದು ಹಣವಂತರಿಗೆ ಮಾತ್ರ ಸಾಧ್ಯವೆಂದು ಭಾವಿಸಿವೆ. ಅಂಗಡಿಗಳ ಗಾಜಿನ ಹಿಂದೆ ಹೊಳೆಯುವ ಬಣ್ಣಬಣ್ಣದ ಡೇರೆಗಳು, ಮಡಚುವ ಮಂಚಗಳು ಈ ಭಾವನೆಗೆ ಕಾರಣ. ಇದು ಎಷ್ಟು ಸರಿ ಎಂಬುದನ್ನು ವಿಚಾರ ಮಾಡಿ ನೋಡಬೇಕು.

ವಿಹಾರಕ್ಕಾಗಿ ಬಿಡಾರ ಹೂಡುವ ಹವ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಥಾಮಸ್ ಹೈರಂ ಹೋಲ್ಡಿಂಗ್ ಎಂಬ ಆಂಗ್ಲ ಗೃಹಸ್ಥ. ಇವನು ಧನಿಕನಲ್ಲ; ವೃತ್ತಿಯಿಂದ ದರ್ಜಿ. 1844ರಲ್ಲಿ ಹುಟ್ಟಿದ ಈತನು 1853ರಲ್ಲಿ, ಎಂದರೆ ಒಂಬತ್ತು ವರ್ಷದ ಬಾಲಕನಾಗಿದ್ದಾಗ, ಅಮೆರಿಕದ ವಿಶಾಲವಾದ ಹುಲ್ಲುಗಾವಲುಗಳನ್ನು ಸುಮಾರು ಮುನ್ನೂರು ಜನರ ಬಂಡಿಗಳ ತಂಡದೊಡನೆ ದಾಟಿದನು. ಬಂಡಿಯ ಪಕ್ಕದಲ್ಲಿ ಬೆಂಕಿ ಹೂಡಿ, ನಕ್ಷತ್ರಗಳ ಕೆಳಗೆ ಮಲಗಿದ ಆ ದಿನಗಳು ಅವನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದವು. ದೊಡ್ಡವನಾದ ಮೇಲೆ ತನ್ನಂತೆ ದುಡಿದು ಉಣ್ಣುವ ಜನರಿಗೂ ಆ ಸುಖವು ದೊರೆಯಬೇಕೆಂದು ಅವನು ಬಯಸಿದನು. ಅಂದಿನ ಡೇರೆಗಳು ಸೈನ್ಯಕ್ಕಾಗಿ ಮಾಡಿದವು. ಅವುಗಳನ್ನು ಹೊರಲು ಕುದುರೆಗಳೋ ಆಳುಗಳೋ ಬೇಕಾಗಿದ್ದರು. ಹೋಲ್ಡಿಂಗನು ತನ್ನ ಕಸುಬಿನ ಜಾಣ್ಮೆಯನ್ನು ಉಪಯೋಗಿಸಿ, ಸೈಕಲ್ಲಿನ ಮೇಲೆ ಕಟ್ಟಿಕೊಂಡು ಹೋಗಬಹುದಾದಂತಹ ಹಗುರವಾದ ಡೇರೆಯನ್ನು ರೂಪಿಸಿದನು. ಐರ್ಲೆಂಡಿನ ಕಾನೆಮಾರ ಪ್ರದೇಶದಲ್ಲಿ ಸೈಕಲ್ಲಿನ ಮೇಲೆ ಸಂಚರಿಸಿ, ಆ ಅನುಭವವನ್ನು 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅದನ್ನು ಓದಿದವರ ಉತ್ಸಾಹದಿಂದ 1901ರಲ್ಲಿ ಸೈಕಲ್ ಬಿಡಾರಿಗರ ಸಂಘವೊಂದು ಹುಟ್ಟಿಕೊಂಡಿತು. 1908ರಲ್ಲಿ ಅವನು ಬಿಡಾರಿಗರಿಗಾಗಿ ಒಂದು ಕೈಪಿಡಿಯನ್ನೂ ಬರೆದನು. ಹೀಗೆ ಈ ಹವ್ಯಾಸವನ್ನು ಸಾಮಾನ್ಯರ ಕೈಗೆ ತಂದುಕೊಟ್ಟದ್ದು ಐಶ್ವರ್ಯವಲ್ಲ, ಒಬ್ಬ ದರ್ಜಿಯ ಸೂಜಿ ಮತ್ತು ಕತ್ತರಿ.

ಹೋಲ್ಡಿಂಗನ ಜೀವನದಿಂದ ತಿಳಿಯುವ ಸಂಗತಿ ಇದು: ಸಲಕರಣೆಯ ಬೆಲೆಯನ್ನು ಕೇಳುವ ಮೊದಲು ಅದು ಮಾಡಬೇಕಾದ ಕೆಲಸವೇನೆಂದು ಕೇಳಬೇಕು. ಬಯಲಿನಲ್ಲಿ ಮನುಷ್ಯನಿಗೆ ಬೇಕಾದುವು ಐದು: ಮಳೆ ಗಾಳಿಗಳಿಂದ ಮರೆ, ಬೆಚ್ಚನೆಯ ಹಾಸಿಗೆ, ಬಿಸಿಯಾದ ಅನ್ನ, ಶುದ್ಧವಾದ ನೀರು, ಕತ್ತಲಲ್ಲಿ ಬೆಳಕು. ಈ ಐದನ್ನು ಒದಗಿಸುವ ವಸ್ತು ಯಾವುದೇ ಆಗಲಿ, ಅದೇ ತಕ್ಕ ಸಲಕರಣೆ.

ದಾವಣಗೆರೆಯಂತಹ ಊರಿನಲ್ಲಿ ವಾಸಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಒಂದು ಕಚೇರಿಯಲ್ಲಿ ಗುಮಾಸ್ತ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು, ಆರನೆಯ ತರಗತಿಯ ಮಗ, ತಾಯಿ, ಮತ್ತು ಎಪ್ಪತ್ತು ದಾಟಿದ ಅಜ್ಜಿ. ಸಂಕ್ರಾಂತಿಯ ರಜೆಯಲ್ಲಿ ಶಾಂತಿಸಾಗರದ ಸಮೀಪದಲ್ಲಿರುವ ಸೋದರತ್ತೆಯ ಮಾವಿನ ತೋಪಿನಲ್ಲಿ ಒಂದು ರಾತ್ರಿ ತಂಗಿ ಬರಬೇಕೆಂದು ಮಕ್ಕಳಿಗೆ ಆಸೆ. ಮಗನು ಅಂಗಡಿಯಲ್ಲಿ ಒಂದು ಹಳದಿ ಬಣ್ಣದ ಡೇರೆಯನ್ನು ನೋಡಿ ಬಂದಿದ್ದನು. ಅದರ ಬೆಲೆಯನ್ನು ಕೇಳಿದ ತಂದೆಯು ಮೌನವಾದನು. ಅಷ್ಟು ಹಣವಿದ್ದರೆ ಮಕ್ಕಳ ಮುಂದಿನ ವರ್ಷದ ಪುಸ್ತಕ, ಸಮವಸ್ತ್ರಗಳ ಖರ್ಚು ಮುಗಿದುಹೋಗುತ್ತಿತ್ತು.

"ಹಾಗಾದರೆ ಹೋಗುವುದು ಬೇಡವೇ ಅಪ್ಪಾ?" ಎಂದು ಮಗನು ಸಣ್ಣ ಮುಖ ಮಾಡಿ ಕೇಳಿದನು.

ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿದಳು. "ನಾನು ನಿನ್ನಷ್ಟಿದ್ದಾಗ ಮೈಲಾರದ ಜಾತ್ರೆಗೆ ಬಂಡಿಯಲ್ಲಿ ಹೋಗುತ್ತಿದ್ದೆವು ಮಗಾ. ಐದು ರಾತ್ರಿ ಬಯಲಲ್ಲೇ ಮಲಗುತ್ತಿದ್ದೆವು. ಡೇರೆ ಎಲ್ಲಿತ್ತು? ಅಟ್ಟದ ಮೇಲೆ ನಿಮ್ಮ ತಾತನ ಕಂಬಳಿ ಇದೆ, ಇಳಿಸು ನೋಡೋಣ" ಎಂದಳು. ಅಟ್ಟದಿಂದ ಕಂಬಳಿಯೂ ಇಳಿಯಿತು, ಮೂರು ಕೌದಿಗಳೂ ಇಳಿದವು. ಆಗ ಮಗಳು ಒಂದು ಕಾಗದದ ಹಾಳೆಯನ್ನು ತೆಗೆದುಕೊಂಡು ಪಟ್ಟಿ ಮಾಡಲು ಕುಳಿತಳು. ಮನೆಯಲ್ಲಿ ಇರುವುದು, ನೆರೆಯವರಿಂದ ಎರವಲು ತರಬಹುದಾದುದು, ಕೊಳ್ಳಲೇಬೇಕಾದುದು ಎಂದು ಮೂರು ಭಾಗ ಮಾಡಿದಳು. ಪಟ್ಟಿ ಮುಗಿದಾಗ ಮೂರನೆಯ ಭಾಗದಲ್ಲಿ ಉಳಿದುವು ಎರಡೇ: ಒಂದು ತಾಡಪಾಲು ಮತ್ತು ಇಪ್ಪತ್ತು ಮೀಟರ್ ಹಗ್ಗ.

ತಾಡಪಾಲು ಎಲ್ಲ ಊರುಗಳಲ್ಲಿಯೂ ಸಿಗುವ ವಸ್ತು. ರೈತರು ಇದನ್ನು ರಾಶಿಯ ಮೇಲೆ ಹೊದಿಸುತ್ತಾರೆ. ಲಾರಿಯವರು ಸರಕಿನ ಮೇಲೆ ಕಟ್ಟುತ್ತಾರೆ. ಎರಡು ಮರಗಳ ನಡುವೆ ಎದೆಯ ಮಟ್ಟಕ್ಕೆ ಹಗ್ಗವನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ತಾಡಪಾಲನ್ನು ಇಳಿಬಿಟ್ಟು, ನಾಲ್ಕು ಮೂಲೆಗಳನ್ನು ಗೂಟಗಳಿಗೆ ಎಳೆದು ಕಟ್ಟಿದರೆ ಐದಾರು ಜನರಿಗೆ ಸಾಲುವ ಬಿಡಾರವು ಸಿದ್ಧವಾಗುತ್ತದೆ. ಗೂಟವನ್ನು ನೆಟ್ಟಗೆ ಹೊಡೆಯದೆ, ಅದರ ತಲೆಯು ಬಿಡಾರದಿಂದ ಹೊರಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ಆಗ ಹಗ್ಗವು ಜಗ್ಗಿದರೂ ಗೂಟವು ಕಿತ್ತುಬರುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಬಿಡಾರದ ಇಳಿಜಾರನ್ನು ಇಡಬೇಕೇ ಹೊರತು ಅದರ ಬಾಯನ್ನು ಇಡಬಾರದು. ಪೂರ್ತಿ ಮುಚ್ಚಿದ, ಒಂದೇ ಪದರದ ಅಗ್ಗದ ಡೇರೆಗಳಲ್ಲಿ ಒಂದು ತೊಂದರೆಯುಂಟು. ಮಲಗಿದವರ ಉಸಿರಿನಲ್ಲಿರುವ ನೀರಾವಿಯು ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಮಳೆಯಿಲ್ಲದೆಯೇ ಹಾಸಿಗೆ ಒದ್ದೆಯಾಗುತ್ತದೆ. ಎರಡು ಬದಿ ತೆರೆದಿರುವ ತಾಡಪಾಲಿನಲ್ಲಿ ಗಾಳಿಯಾಡುವುದರಿಂದ ಈ ತೊಂದರೆಯಿಲ್ಲ.

ಬಿಡಾರಕ್ಕಿಂತ ಬಿಡಾರ ಹೂಡುವ ಸ್ಥಳವು ಮುಖ್ಯ. ಒಣಗಿದ ಹಳ್ಳದ ಮರಳು ಮೆತ್ತಗಿದೆಯೆಂದು ಅಲ್ಲಿ ಮಲಗುವುದು ಅಪಾಯಕರ. ಮೇಲಿನ ಬೆಟ್ಟದಲ್ಲಿ ಸುರಿದ ಮಳೆಯ ನೀರು, ಮಳೆಯ ಸುಳಿವೇ ಇಲ್ಲದ ಬಯಲಿಗೆ ಇದ್ದಕ್ಕಿದ್ದಂತೆ ನುಗ್ಗಿ ಬರಬಹುದು. ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗಲೂ ಕೆಳಗಿನ ಹೊಳೆಯ ನೀರು ಸ್ವಲ್ಪ ಹೊತ್ತಿನಲ್ಲಿಯೇ ಏರುತ್ತದೆ. ಆದುದರಿಂದ ನೀರಿಗೆ ಸಮೀಪವಾದರೂ ಅದರ ಹರಿವಿನಿಂದ ಎತ್ತರದಲ್ಲಿರುವ ನೆಲವನ್ನೇ ಆರಿಸಬೇಕು. ಒಣಕೊಂಬೆಗಳಿರುವ ಮರದ ಕೆಳಗೆ, ತೆಂಗಿನ ಮರದ ಕೆಳಗೆ ಮಲಗಬಾರದು. ಗುಡುಗು ಸಿಡಿಲುಗಳ ಕಾಲದಲ್ಲಿ ಮರದ ಆಶ್ರಯವಾಗಲಿ ಬಯಲಿನ ಬಿಡಾರವಾಗಲಿ ಕ್ಷೇಮವಲ್ಲ. ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಇನ್ನು ಕಾಡಿನ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯಗಳನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಬಂಧುಗಳ ಹೊಲ, ತೋಟ, ತೋಪುಗಳು ಕುಟುಂಬದ ಮೊದಲ ಬಿಡಾರಕ್ಕೆ ಎಲ್ಲಕ್ಕಿಂತ ಯೋಗ್ಯವಾದ ಸ್ಥಳಗಳು. ಅಲ್ಲಿ ಬಾವಿ ಇರುತ್ತದೆ, ಕೂಗಿದರೆ ಓಗೊಡುವವರಿರುತ್ತಾರೆ.

ಹಾಸಿಗೆಯ ವಿಷಯದಲ್ಲಿ ಹೆಚ್ಚಿನವರು ಒಂದು ತಪ್ಪನ್ನು ಮಾಡುತ್ತಾರೆ. ಚಳಿಗೆ ಹೆದರಿ ಮೇಲೆ ಎರಡು ಮೂರು ಹೊದಿಕೆಗಳನ್ನು ಹೊದೆಯುತ್ತಾರೆ. ಕೆಳಗೆ ಒಂದು ತೆಳುವಾದ ಜಮಖಾನವನ್ನು ಹಾಸುತ್ತಾರೆ. ಆದರೆ ರಾತ್ರಿ ತಣ್ಣಗಾದ ನೆಲವು ಮೈಗೆ ನೇರವಾಗಿ ತಗುಲಿ ದೇಹದ ಶಾಖವನ್ನು ಸತತವಾಗಿ ಎಳೆದುಕೊಳ್ಳುತ್ತದೆ. ಆದುದರಿಂದ ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದರ ಕಡೆಗೆ ಹೆಚ್ಚು ಗಮನ ಕೊಡಬೇಕು. ನಿಂತ ಗಾಳಿಯು ಶಾಖದ ಮಂದವಾಹಕ ಎಂಬುದನ್ನು ವಿಜ್ಞಾನದ ಪಾಠದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇದರ ಪರಿಹಾರವು ಸುಲಭವಾಗಿ ಹೊಳೆಯುತ್ತದೆ. ಗಾಳಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಯಾವುದೇ ವಸ್ತುವೂ ಒಳ್ಳೆಯ ಹಾಸಿಗೆಯೇ. ಒಂದು ಗೇಣು ಎತ್ತರಕ್ಕೆ ಒಣಗಿದ ಭತ್ತದ ಹುಲ್ಲನ್ನು ಹರಡಿ, ಅದರ ಮೇಲೆ ಚಾಪೆಯನ್ನು ಬಿಚ್ಚಿ, ಕೌದಿಯನ್ನು ಹಾಸಿದರೆ ಬೆಲೆಬಾಳುವ ಹಾಸಿಗೆಯಷ್ಟೇ ಬೆಚ್ಚಗಿರುತ್ತದೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿಯ ಗುಟ್ಟು ಇದೇ: ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ.

ಕಂಬಳಿಯ ಗುಣವು ಇನ್ನೂ ವಿಶೇಷವಾದುದು. ದಖ್ಖನಿ ಕುರಿಯ ಒರಟಾದ ಉಣ್ಣೆಯನ್ನು ನೂತು, ನೂಲಿಗೆ ಹುಣಸೆಬೀಜದ ಗಂಜಿಯನ್ನು ಕೊಟ್ಟು, ಕುಳಿಮಗ್ಗದಲ್ಲಿ ಇದನ್ನು ನೇಯುತ್ತಾರೆ. ಚಿತ್ರದುರ್ಗ, ಹಾವೇರಿ, ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ಕುರುಬ ಜನಾಂಗದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಕಸುಬು ಇದು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಹತ್ತಿಯ ಬಟ್ಟೆಯು ನೆನೆದ ಕೂಡಲೇ ಮೈಯ ಶಾಖವನ್ನು ಕಳೆಯುತ್ತದೆ. ಉಣ್ಣೆಗೆ ಬೆಂಕಿಯೂ ಬೇಗ ಹತ್ತುವುದಿಲ್ಲ. ಕಿಡಿ ಬಿದ್ದರೆ ಆ ಜಾಗ ಕರಿದಾಗಿ ಆರಿಹೋಗುತ್ತದೆ. ಹಾಸಲು, ಹೊದೆಯಲು, ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು, ಗಾಳಿಗೆ ಮರೆ ಕಟ್ಟಲು ಒಂದೇ ಕಂಬಳಿ ಸಾಕು. ಕುರಿಗಾಹಿಯು ವರ್ಷಗಟ್ಟಲೆ ತನ್ನ ಹೆಗಲಿನಿಂದ ಅದನ್ನು ಇಳಿಸದೆ ಇರುವುದಕ್ಕೆ ಕಾರಣ ಬಡತನವೊಂದೇ ಅಲ್ಲ, ಅನುಭವವೂ ಹೌದು.

ಅಡಿಗೆಗೆ ಮೂರು ಕಲ್ಲುಗಳ ಒಲೆಯೇ ಸಾಕು. ಆದರೆ ಒಣಹುಲ್ಲಿನ ಬಯಲಿನಲ್ಲಿ ಬೆಂಕಿಯು ಹರಡುವ ಭಯವುಂಟು. ಕಾಡಿನಲ್ಲಿ ಬೆಂಕಿ ಹಚ್ಚುವುದಂತೂ ಅಪರಾಧ. ಅಂತಹ ಕಡೆ ಚಿಕ್ಕದೊಂದು ಸ್ಟೌ ಅನುಕೂಲ. ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತನು 1892ರಲ್ಲಿ ಮಸಿ ಕಟ್ಟದ ಸೀಮೆಎಣ್ಣೆಯ ಪಂಪ್ ಸ್ಟೌವನ್ನು ಕಂಡುಹಿಡಿದನು. ಪ್ರೈಮಸ್ ಎಂಬ ಹೆಸರಿನ ಆ ಸ್ಟೌ ಭಾರತದ ಸಾಮಾನ್ಯ ಮನೆಗಳ ಅಡಿಗೆಮನೆಗಳನ್ನು ಪ್ರವೇಶಿಸಿದಂತೆಯೇ, 1911ರಲ್ಲಿ ಅಮುಂಡ್ಸೆನ್ನನ ತಂಡದೊಡನೆ ದಕ್ಷಿಣ ಧ್ರುವಕ್ಕೂ, 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿಯವರ ತಂಡದೊಡನೆ ಎವರೆಸ್ಟ್ ಪರ್ವತಕ್ಕೂ ಹೋಯಿತು. ಅಡಿಗೆಮನೆಯ ಸಾಮಾನ್ಯ ವಸ್ತುವೇ ಸಾಹಸಿಗಳ ಸಂಗಾತಿಯೂ ಆದುದಕ್ಕೆ ಇದು ಉತ್ತಮ ನಿದರ್ಶನ. ಇಂದು ಆ ಸ್ಥಾನದಲ್ಲಿ ಚಿಕ್ಕ ಗ್ಯಾಸ್ ಒಲೆಗಳು ಬಂದಿವೆ.

ಉರುವಲನ್ನು ಉಳಿಸುವ ಒಂದು ಉಪಾಯವನ್ನು ಎಲ್ಲರೂ ತಿಳಿದಿರಬೇಕು. ಅಕ್ಕಿ ಮತ್ತು ಹೆಸರುಬೇಳೆಗಳನ್ನು ಹುಗ್ಗಿಗೆಂದು ದಪ್ಪ ತಳದ ಪಾತ್ರೆಯಲ್ಲಿ ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಬೇಕು. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ಕಂಬಳಿಯಲ್ಲಿ ಸುತ್ತಿ, ಹುಲ್ಲು ತುಂಬಿದ ಬುಟ್ಟಿಯಲ್ಲಿ ಹುದುಗಿಸಿಡಬೇಕು. ಒಂದು ಗಂಟೆಯ ನಂತರ ತೆರೆದರೆ ಹುಗ್ಗಿಯು ತನ್ನ ಶಾಖದಲ್ಲಿಯೇ ಬೆಂದಿರುತ್ತದೆ. ತಳ ಹತ್ತುವ ಭಯವಿಲ್ಲ, ಕಾವಲು ಕೂರುವ ಕೆಲಸವಿಲ್ಲ. ಬಿಸಿಯಾಗಿರುವಾಗಲೇ ಅದನ್ನು ಊಟ ಮಾಡಬೇಕು. ಬೆಳಗಿನ ಉಪಾಹಾರಕ್ಕೆ ಅವಲಕ್ಕಿ, ಹುರಿಹಿಟ್ಟು, ಕಟಕ ರೊಟ್ಟಿ, ಚಟ್ನಿಪುಡಿಗಳಂತಹ ಪದಾರ್ಥಗಳಿದ್ದರೆ ಒಲೆಯನ್ನು ಹಚ್ಚುವ ಅಗತ್ಯವೇ ಬೀಳದು. ಪ್ರಯಾಣಕ್ಕೆಂದು ಹಿರಿಯರು ಕಂಡುಕೊಂಡ ಈ ತಿನಿಸುಗಳು ಹಗುರ, ಬೇಗನೆ ಕೆಡುವುದಿಲ್ಲ, ಹೊಟ್ಟೆ ತುಂಬಿಸುತ್ತವೆ.

ನೀರಿನ ವಿಷಯದಲ್ಲಿ ಜಿಪುಣತನವೂ ಸಲ್ಲದು, ಉದಾಸೀನವೂ ಸಲ್ಲದು. ಕೆರೆ ಹಳ್ಳಗಳ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳಿರಬಹುದು. ನಾಲ್ಕು ಮಡಿಕೆಯ ಶುಭ್ರವಾದ ಬಟ್ಟೆಯಲ್ಲಿ ಸೋಸಿ, ಅನಂತರ ಒಂದು ನಿಮಿಷ ಕಳಕಳನೆ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಯಬೇಕು. ಯಾರಿಗಾದರೂ ಭೇದಿಯಾದರೆ, ಒಂದು ಲೀಟರ್ ಶುದ್ಧವಾದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಕರಗಿಸಿ ಆಗಾಗ ಕುಡಿಸುತ್ತಿರಬೇಕು. ಬೆಳಕಿಗೆ ಎಲ್.ಇ.ಡಿ. ಟಾರ್ಚು ಮೇಲು, ಅದು ಅಗ್ಗವಾಗಿ ದೊರೆಯುತ್ತದೆ, ಅದರಿಂದ ಬೆಂಕಿಯ ಭಯವಿಲ್ಲ. ಮನೆಯ ಸೊಳ್ಳೆಪರದೆಯನ್ನು ಮರೆಯದೆ ತರಬೇಕು. ಮಲೆರಿಯಾದ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ರೊನಾಲ್ಡ್ ರಾಸ್ 1897ರಲ್ಲಿ ಕಂಡದ್ದು ನೆರೆಯ ಸಿಕಂದರಾಬಾದಿನಲ್ಲಿಯೇ. ಮಲೆನಾಡಿಗೆ ಹೋಗುವವರು ಇನ್ನೂ ಒಂದು ಎಚ್ಚರ ವಹಿಸಬೇಕು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗು ಎಂಬ ಸಣ್ಣ ಜೀವಿಯ ಕಡಿತದಿಂದ ಬರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಹಾವಳಿ ಹೆಚ್ಚು. ಆ ಕಾಲದಲ್ಲಿ ಅಂತಹ ಕಾಡುಗಳಲ್ಲಿ ಬಿಡಾರ ಹೂಡದಿರುವುದೇ ಜಾಣತನ.

ಮೇಲೆ ಹೇಳಿದ ಕುಟುಂಬವು ಹೊರಡುವ ಮೊದಲು ಒಂದು ಒಳ್ಳೆಯ ಕೆಲಸವನ್ನು ಮಾಡಿತು. ತಮ್ಮ ಮನೆಯ ಮಾಳಿಗೆಯ ಮೇಲೆ ತಾಡಪಾಲನ್ನು ಕಟ್ಟಿ ಒಂದು ರಾತ್ರಿ ಮಲಗಿ ನೋಡಿತು. ಹಗ್ಗವು ಗಿಡ್ಡವಾಯಿತೆಂದೂ, ಅಜ್ಜಿಗೆ ನೆಲದಿಂದ ಏಳಲು ಒಂದು ಮಣೆ ಬೇಕೆಂದೂ ಅಂದೇ ತಿಳಿಯಿತು. ಊರಿನಿಂದ ದೂರ ಹೋದ ಮೇಲೆ ತಿಳಿಯುವ ಕೊರತೆಗಿಂತ ಮನೆಯಲ್ಲಿಯೇ ತಿಳಿಯುವ ಕೊರತೆ ಒಳ್ಳೆಯದು.

ತೋಪಿನಲ್ಲಿ ಸಂಜೆಯಾಯಿತು. ಹುಲ್ಲಿನ ಹಾಸಿಗೆ ಸಿದ್ಧವಾಯಿತು. ಹುಗ್ಗಿಯ ಊಟ ಮುಗಿಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸತೊಡಗಿತು. ಅಜ್ಜಿ ನಡುಗುವುದನ್ನು ಕಂಡ ತಾಯಿಯು ಬಿಡಾರದ ಎರಡೂ ಬದಿಗಳಿಗೆ ಸೀರೆ, ಜಮಖಾನಗಳನ್ನು ಇಳಿಬಿಟ್ಟು ಗಾಳಿಯನ್ನು ತಡೆದಳು. ತಂದೆಯು ಸೋದರತ್ತೆಯ ಮನೆಯಿಂದ ಇದ್ದಿಲು ತುಂಬಿದ ಅಗ್ಗಿಷ್ಟಿಕೆಯೊಂದನ್ನು ತಂದನು. ಕೆಂಡಗಳು ನಿಗಿನಿಗಿಯಾಗಿದ್ದವು, ಹೊಗೆಯು ಒಂದಿಷ್ಟೂ ಇರಲಿಲ್ಲ. ಅದನ್ನು ಅಜ್ಜಿಯ ಕಾಲ ಬಳಿ ಇಡಲು ಬಗ್ಗಿದಾಗ ಮಗಳು ಎದ್ದು ಅಡ್ಡಬಂದಳು.

"ಅಪ್ಪಾ, ಅದನ್ನು ಒಳಗೆ ಇಡಬೇಡಿ. ಹೊರಗೆ ಇಟ್ಟುಬಿಡಿ."

"ಹೊಗೆಯಿಲ್ಲವಲ್ಲ ಮಗಳೇ. ಅಜ್ಜಿಗೆ ಬೆಚ್ಚಗಿರುತ್ತದೆ."

"ಹೊಗೆಯಿಲ್ಲದಿರುವುದೇ ಅಪಾಯ ಅಪ್ಪಾ. ಇದ್ದಿಲು ಪೂರ್ತಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ ಎಂದು ನಮ್ಮ ಟೀಚರ್ ಹೇಳಿದ್ದಾರೆ."

ತಂದೆಯು ಒಂದು ಕ್ಷಣ ಸುಮ್ಮನೆ ನಿಂತನು. ಎರಡೂ ಬದಿ ಮುಚ್ಚಿದ ಬಿಡಾರವನ್ನೂ, ಆಗಲೇ ನಿದ್ದೆಹೋಗಿದ್ದ ಮಗನನ್ನೂ ನೋಡಿದನು. ಮರುಮಾತಾಡದೆ ಅಗ್ಗಿಷ್ಟಿಕೆಯನ್ನು ಹೊರಗೆ ಒಯ್ದು, ನೀರು ಸುರಿದು ಆರಿಸಿದನು. ಮೇಲೆ ಹೊದೆದಿದ್ದ ಕೌದಿಗಳಲ್ಲಿ ಒಂದನ್ನು ಅಜ್ಜಿಯ ಕೆಳಗೆ ಹಾಸಿದರು. ಬಿಸಿನೀರು ತುಂಬಿದ ಸೀಸೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕಾಲ ಬಳಿ ಇಟ್ಟರು. ತಾತನ ಕಂಬಳಿಯನ್ನು ಹೊದಿಸಿದರು. ಗಾಳಿಯಾಡಲೆಂದು ಒಂದು ಬದಿಯ ಮರೆಯನ್ನು ಮೇಲಕ್ಕೆತ್ತಿ ಕಟ್ಟಿದರು.

ಮಗಳು ಹೇಳಿದ ಮಾತು ನೂರಕ್ಕೆ ನೂರು ಸತ್ಯವಾದುದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಗ ದೇಹಕ್ಕೆ ಆಮ್ಲಜನಕವು ದೊರೆಯದೆ, ತಲೆನೋವು, ಮಂಪರು ಕವಿದು, ಕೊನೆಗೆ ಪ್ರಾಣವೇ ಹೋಗುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಿದ ಕುಟುಂಬಗಳು ಹೀಗೆ ಬಲಿಯಾದ ಸುದ್ದಿಗಳು ಮತ್ತೆ ಮತ್ತೆ ಬರುತ್ತವೆ. ಇದ್ದಿಲಾಗಲಿ, ಸ್ಟೌ ಆಗಲಿ, ಲಾಟೀನಾಗಲಿ, ಉರಿಯುವ ಯಾವುದನ್ನೂ ಮುಚ್ಚಿದ ಬಿಡಾರದೊಳಗೆ ಇಡಬಾರದು. ಈ ತಿಳಿವಳಿಕೆಗೆ ಬೆಲೆಯಿಲ್ಲ. ಎಂದರೆ ಅದನ್ನು ಕೊಳ್ಳಲು ಒಂದು ಕಾಸೂ ಬೇಡ, ಅದನ್ನು ಕಳೆದುಕೊಂಡರೆ ಎಷ್ಟು ಹಣ ಕೊಟ್ಟರೂ ಆ ನಷ್ಟ ತುಂಬದು.

ಹಾವು ಚೇಳುಗಳ ಭಯವೂ ತಿಳಿವಳಿಕೆಯಿಂದ ಕಡಿಮೆಯಾಗುತ್ತದೆ. ಬೆಳಿಗ್ಗೆ ಚಪ್ಪಲಿ, ಬೂಟುಗಳನ್ನು ಕೊಡವಿ ಹಾಕಿಕೊಳ್ಳಬೇಕು. ಹುಲ್ಲನ್ನು ಹಾಸುವ ಮೊದಲು ಕೋಲಿನಿಂದ ಕೆದಕಿ ನೋಡಬೇಕು. ಕತ್ತಲಲ್ಲಿ ಟಾರ್ಚಿಲ್ಲದೆ ಹೆಜ್ಜೆಯಿಡಬಾರದು. ಒಂದು ವೇಳೆ ಹಾವು ಕಚ್ಚಿದರೆ ಕಚ್ಚಿದ ಜಾಗವನ್ನು ಕೊಯ್ಯುವುದಾಗಲಿ, ಬಾಯಿಂದ ಹೀರುವುದಾಗಲಿ, ಹಗ್ಗದಿಂದ ಬಿಗಿಯುವುದಾಗಲಿ ಕೂಡದು. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಧೈರ್ಯ ಹೇಳಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಸಮೀಪದ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು.

ಮರುದಿನ ಬೆಳಿಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು. ಎಲ್ಲರಿಗಿಂತ ಮೊದಲು ಎದ್ದವಳು ಅಜ್ಜಿ. ಮಣೆಯ ಮೇಲೆ ಕುಳಿತು, ಕಂಬಳಿಯನ್ನು ತಲೆಯ ಮೇಲಿನಿಂದ ಕೊಪ್ಪೆ ಮಾಡಿ ಹೊದ್ದು, ಮೂಡುತ್ತಿದ್ದ ಸೂರ್ಯನನ್ನು ನೋಡುತ್ತಿದ್ದಳು. "ನಿದ್ದೆ ಬಂತೇ ಅಜ್ಜೀ?" ಎಂದು ಮೊಮ್ಮಗನು ಕೇಳಿದನು. "ಐವತ್ತು ವರ್ಷವಾಗಿತ್ತು ಮಗಾ, ಚುಕ್ಕಿ ನೋಡುತ್ತಾ ಮಲಗಿ" ಎಂದಳು ಅವಳು. ಹಳದಿ ಡೇರೆಯ ಮಾತನ್ನು ಮೊಮ್ಮಗನು ಮತ್ತೆ ಎತ್ತಲಿಲ್ಲ.

ಹೊರಡುವ ಮೊದಲು ಎಲ್ಲರೂ ಸೇರಿ ನೆಲವನ್ನು ಗುಡಿಸಿದರು. ಹುಲ್ಲನ್ನು ಸೋದರತ್ತೆಯ ಎಮ್ಮೆಗಳ ಕೊಟ್ಟಿಗೆಗೆ ಹಾಸಲು ಕೊಟ್ಟರು. ಒಲೆಯ ಬೂದಿಗೆ ನೀರು ಸುರಿದು, ಕೈಯಿಂದ ಮುಟ್ಟಿ ತಣ್ಣಗಾಗಿದೆಯೆಂದು ಖಚಿತಪಡಿಸಿಕೊಂಡರು. ಪ್ಲಾಸ್ಟಿಕ್ಕಿನ ಚೂರುಗಳನ್ನು ಚೀಲದಲ್ಲಿ ತುಂಬಿ ತಮ್ಮೊಡನೆ ಊರಿಗೆ ತಂದರು. ಬಿಡಾರವಿದ್ದ ಜಾಗವು ತಾವು ಬರುವ ಮೊದಲು ಇದ್ದುದಕ್ಕಿಂತ ಚೊಕ್ಕಟವಾಗಿರಬೇಕೆಂಬುದು ಬಯಲಿನ ಮರ್ಯಾದೆ.

ಮನೆಗೆ ಬಂದ ಮೇಲೆ ಮಗಳು ಸಾಮಾನುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದಳು. ಅನೇಕ ಸಲ ಬಳಸಿದುವು ಒಂದು ಗುಂಪು. ಒಮ್ಮೆ ಮಾತ್ರ ಬಳಸಿದುವು ಇನ್ನೊಂದು. ಗಂಟನ್ನು ಬಿಚ್ಚದೆಯೇ ಹಿಂದಿರುಗಿದುವು ಮೂರನೆಯದು. ಮೂರನೆಯ ಗುಂಪೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಔಷಧದ ಪೆಟ್ಟಿಗೆಯೊಂದನ್ನು ಬಿಟ್ಟು ಅದರಲ್ಲಿದ್ದ ಉಳಿದ ವಸ್ತುಗಳನ್ನು ಮುಂದಿನ ಸಲ ಒಯ್ಯುವುದು ಬೇಡವೆಂದು ಅವಳು ಪಟ್ಟಿಯಲ್ಲಿ ಬರೆದಿಟ್ಟಳು. ಅನುಭವವು ಹೆಚ್ಚಿದಂತೆ ಗಂಟು ಚಿಕ್ಕದಾಗುತ್ತದೆ ಎಂಬುದು ಎಲ್ಲ ಸಂಚಾರಿಗಳೂ ಕಲಿಯುವ ಪಾಠ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಆಸೆಯನ್ನು ಅಡಗಿಸಲು ಹೇಳುವ ಮಾತೆಂದು ಅನೇಕರು ತಿಳಿಯುತ್ತಾರೆ. ಆದರೆ ಅದಕ್ಕೆ ಇನ್ನೊಂದು ಅರ್ಥವೂ ಉಂಟು. ತನ್ನಲ್ಲಿರುವ ಹಾಸಿಗೆಯ ಅಳತೆಯನ್ನು ಸರಿಯಾಗಿ ಅರಿತವನು, ಅದರ ಉದ್ದಕ್ಕೂ ಸಂಕೋಚವಿಲ್ಲದೆ ಕಾಲು ಚಾಚಬಹುದು. ಅಟ್ಟದ ಮೇಲಿನ ಕಂಬಳಿ, ಮೂಲೆಯಲ್ಲಿನ ಹಗ್ಗ, ಹಿರಿಯರ ನೆನಪು, ಶಾಲೆಯಲ್ಲಿ ಕಲಿತ ವಿಜ್ಞಾನ ಇವಿಷ್ಟು ಕೂಡಿದರೆ ಬಡವರ ಮಕ್ಕಳಿಗೂ ಒಂದು ರಾತ್ರಿಯ ಆಕಾಶವು ದಕ್ಕುತ್ತದೆ.

ಅಭ್ಯಾಸ

1. ಹೋಲ್ಡಿಂಗನು ಹಗುರವಾದ ಡೇರೆಯನ್ನು ರೂಪಿಸಲು ಅವನ ಬಾಲ್ಯದ ಅನುಭವವೂ ಕಸುಬೂ ಹೇಗೆ ನೆರವಾದವು?
2. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯವೇಕೆ? ಕಾರಣ ಕೊಟ್ಟು ವಿವರಿಸಿರಿ.
3. "ಹೊಗೆಯಿಲ್ಲದಿರುವುದೇ ಅಪಾಯ." ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?
4. ಕಂಬಳಿಯ ಉಪಯೋಗಗಳನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
5. ನಿಮ್ಮ ಮನೆಯಲ್ಲಿರುವ ವಸ್ತುಗಳಿಂದಲೇ ಒಂದು ರಾತ್ರಿಯ ಬಿಡಾರಕ್ಕೆ ಬೇಕಾದ ಸಾಮಾನುಗಳ ಪಟ್ಟಿಯನ್ನು ತಯಾರಿಸಿರಿ. ಪಟ್ಟಿಯನ್ನು ಮನೆಯ ಹಿರಿಯರಿಗೆ ತೋರಿಸಿ, ಅವರು ಸೂಚಿಸಿದ ಬದಲಾವಣೆಗಳನ್ನು ಬರೆಯಿರಿ.